ಮಾವನ ಗದ್ದಲದ ಆಲ್ಬಮ್ಮು

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿಲ್ಲ. ಉಳಿದವರ ತಲೆ ಕೆಡಿಸುತ್ತಾನೆ, ಅಷ್ಟೇ! ಇಬ್ರಾಹಿಂಪುರದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದವನು ಅದನ್ನು ಮುಚ್ಚಿದ ಮೇಲೆ ಒಂದು ಆಲ್ಬಮ್ಮಿನ ಬೆನ್ನು ಹತ್ತಿದ. ಭಜನೆಯದೇ? ಭಾವಗೀತೆಯದೇ? ಅಲ್ಲ ಸ್ವಾಮಿ, ಪರದೇಶದ ಹುಡುಗರು ಹಿಂದೊಮ್ಮೆ ಮಾಡಿದ, ಕ್ರಾಸ್‌ಓವರ್ ಥ್ರ್ಯಾಷ್ ಮೆಟಲ್ ಎಂಬ ಅಬ್ಬರದ ಗಿಟಾರ್ ಸಂಗೀತಕ್ಕೆ ಮೈಲಿಗಲ್ಲು ಅನ್ನಿಸಿಕೊಂಡ ಆಲ್ಬಮ್ಮು! ಮಾವನಿಗೆ ಇಂಗ್ಲಿಷು ಬರುವುದಿಲ್ಲ. ಆ ಹಾಡುಗಾರ ಅರಚುವುದು ಇಂಗ್ಲಿಷಿನವರಿಗಾದರೂ ತಿಳಿದೀತೇ ಎಂಬುದು ನನ್ನ ಅನುಮಾನ.

ಪುಣ್ಯಕ್ಕೆ ಅತ್ತೆಗೆ ಕಿವಿ ಕೇಳುವುದಿಲ್ಲ. ಗಿರಣಿಯ ಸದ್ದಿನಲ್ಲೇ ಕುಳಿತೂ ಕುಳಿತೂ ಪೂರ್ತಿ ಹೋಯಿತು. ತವರೂರು ಬಬಲೇಶ್ವರದ ಭಜನೆಯಲ್ಲಿ ತಾಳ ಹಾಕುತ್ತಿದ್ದವಳು, ಆಮೇಲೆ ಭಜನೆಯನ್ನೂ ಬಿಟ್ಟಳು, ಮಾತನ್ನೂ ಬಿಟ್ಟಳು.

ಕನ್ಯೆ ನೋಡಲು ತಿಕೋಟಾಕ್ಕೆ ಹೋದಾಗಲೂ ಗಾಡಿಯಲ್ಲಿ ಅದೇ ಆಲ್ಬಮ್ಮು! ಅತ್ತೆ ಮುಂದಿನ ಸೀಟಿನಲ್ಲಿ, ಗಾಡಿಯ ಬಾಗಿಲಿಗೆ ಅಂಗೈ ಒತ್ತಿಕೊಂಡು ಕುಳಿತಿದ್ದಳು. ಗಾಡಿ ನಿಂತಿದ್ದೇ ತಡ, ಕನ್ಯೆಯ ಅಪ್ಪ ಓಡಿ ಬಂದರು.

"ಬಂದ್ ಮಾಡ್ರಿ ಯಪ್ಪಾ! ಇಂಜಿನ್ ಹೋಗಾಕತ್ತೈತಿ!"

ಮಾವ ಇಂಜಿನ್ ಬಂದ್ ಮಾಡಿದ. ಸದ್ದು ನಿಲ್ಲಲಿಲ್ಲ. ಅವರು ಬಾನೆಟ್ ತೆಗೆಸಿ ಕೊಡ ನೀರು ತರಿಸಿಬಿಟ್ಟರು! ಸಂಬಂಧ ಕೂಡಲಿಲ್ಲ ಎಂದು ಬೇರೆ ಹೇಳಬೇಕೇ? ವರ ನಾನೇ.

ವಾಪಸ್ ಬರುವಾಗ ಸಿಟ್ಟಿನಿಂದ ಕೇಳಿದೆ. "ಮಾವಾ, ಏನೈತಿ ಇದರಾಗ?"

"ಬ್ಯಾರೆ ಥ್ರ್ಯಾಷಿನಾಗ ಬರೇ ಗಿಟಾರ್ ಒದರತಾವ ಅಳ್ಯಾ, ದಪ್ಪ ದನಿಯ ಬಾಸ್ ಗಿಟಾರ್ ಎಲ್ಲೈತೊ ಗೊತ್ತಾಗಂಗಿಲ್ಲ. ಇವರು ಕುಣಸೋ ತಾಳದ ಫಂಕ್ ಕೂಡಿಸ್ಯಾರ, ಬಾಸಿನ ತಂತಿ ಹೆಬ್ಬೆಟ್ಟಿಲೆ ಬಡೀತಾರ. ಗಿಟಾರ್ ಖಡಕ್ ರೊಟ್ಟಿ, ಫಂಕ್ ಎಣ್ಣಿಗಾಯಿ. ಬರೇ ರೊಟ್ಟಿ ಹೆಂಗ ತಿಂತಿ?"

ಕಿವಿಗೊಟ್ಟು ಕೇಳಿದೆ. ತೊರವಿ ಊರು ದಾಟಿದರೂ ರೊಟ್ಟಿ ಯಾವುದು, ಎಣ್ಣೆಗಾಯಿ ಯಾವುದು ತಿಳಿಯಲಿಲ್ಲ.

ಮುಂದಿನ ಕನ್ಯೆಯ ಮನೆಗೆ ಆಲ್ಬಮ್ಮು ಬೇಡವೆಂದು ಕಟ್ಟುನಿಟ್ಟಾಗಿ ಹೇಳಲು ಮೊನ್ನೆ ಮಧ್ಯಾಹ್ನ ಮಾವನ ಮನೆಗೆ ಹೋದೆ. ಸ್ಪೀಕರನ್ನು ಕಟ್ಟಿಗೆಯ ಮಂಚದ ಹಲಗೆಗೆ ಆನಿಸಿಟ್ಟಿದ್ದ. ಮಂಚದ ಮೇಲೆ ಅತ್ತೆ. ಗಿಟಾರುಗಳು ಅರಚುತ್ತಿದ್ದವು; ಅವಳ ಮುಖದಲ್ಲಿ ಏನೂ ಇಲ್ಲ. ಅಷ್ಟರಲ್ಲಿ ಗಿಟಾರು ನಿಂತು ಬಾಸ್ ಒಂದೇ ಗುದ್ದತೊಡಗಿತು, ಹಲಗೆ ಅದುರಿತು.

"ಬಂತ್ ನೋಡ್ರಿ!" ಎಂದಳು ಅತ್ತೆ. ಅವಳ ದನಿ ಕೇಳಿ ಎಷ್ಟು ಕಾಲವಾಗಿತ್ತು! ಹಲಗೆಯ ಮೇಲೆ ಕೈ ತಾನಾಗಿಯೇ ತಾಳ ಹಾಕುತ್ತಿತ್ತು, ಬಬಲೇಶ್ವರದ ಅದೇ ತಾಳ.

ಮಾವ ನನ್ನತ್ತ ತಿರುಗಿದ. "ಎಷ್ಟ ಹಾಡ ಹಚ್ಚಿ ನೋಡೀನಿ ಅಳ್ಯಾ. ಆಕಿ ಮಟಾ ಮುಟ್ಟಿದ್ದು ಇದೊಂದ."

ಹೇಳಲು ಬಂದದ್ದನ್ನು ಬಿಟ್ಟು ನಾನೂ ಮಂಚದ ಹಲಗೆಗೆ ಅಂಗೈ ಒತ್ತಿದೆ. ಅಳು ಬಂದಿತ್ತು, ಕಿವಿ ಗುಂಯ್ ಎನ್ನುತ್ತಿತ್ತು.

"ಇನ್ನೊಂಚೂರು ಏರಸು ಮಾವಾ," ಎಂದೆ.