ಗಿರಣಿಯ ಫಲಕದಲ್ಲಿ ನಮ್ಮ ಮನೆಯ ಹೆಸರು

ಯಾವುದನ್ನಾದರೂ ಕ್ರಮವಾಗಿ ದಾಖಲಿಸಿಡಬೇಕೆಂದು ನಾನು ಹೊರಟಾಗಲೆಲ್ಲ ಒಂದು ನಗೆಪಾಟಲು ನನಗಿಂತ ಮೊದಲೇ ಹೋಗಿ ಅಲ್ಲಿ ಕಾದು ಕುಳಿತಿರುತ್ತದೆ. ನಾನು ಇತಿಹಾಸದಲ್ಲಿ ಪದವಿ ಪಡೆದವಳು. ಬ್ರಹ್ಮಾವರದ ತವರಿನಿಂದ ಈ ಮನೆಗೆ ಬಂದಾಗ ನನ್ನ ಟ್ರಂಕಿನಲ್ಲಿ ಸೀರೆಗಳಿಗಿಂತ ಫೈಲುಗಳೇ ಹೆಚ್ಚಿದ್ದವೆಂದು ನಮ್ಮ ಯಜಮಾನರು ಈಗಲೂ ಹೇಳುತ್ತಾರೆ. ಮನೆಯಲ್ಲಿ ನಡೆದ ಮದುವೆ, ತೊಟ್ಟಿಲು, ಬಾವಿ ತೋಡಿಸಿದ್ದು, ದನ ಕರು ಹಾಕಿದ್ದು ಎಲ್ಲಕ್ಕೂ ನನ್ನಲ್ಲಿ ದಾಖಲೆ ಇದೆ. ಕುಕ್ಕರ್ ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು, ಅದರ ಗ್ಯಾರಂಟಿ ಕಾರ್ಡು ಮಾತ್ರ ಭದ್ರವಾಗಿದೆ. ಇಂಥವಳನ್ನು ಒಂದು ಹಳೆಯ ಗಿರಣಿ ಹೇಗೆ ಆಡಿಸಿತೆಂಬುದನ್ನು ಬರೆಯದೆ ಬಿಟ್ಟರೆ ನನ್ನ ದಾಖಲೆಗಳಿಗೇ ಅನ್ಯಾಯ.

ತಿಳಿದುಬಂದಿಲ್ಲ

ನಾವುಂದದಿಂದ ಗುಡ್ಡದ ಕಡೆಗೆ ಒಳಗೆ ಬಂದರೆ ನಮ್ಮ ಊರು. ಊರಿನ ತೋಡಿನ, ಎಂದರೆ ಸಣ್ಣ ಹಳ್ಳದ, ಬದಿಯಲ್ಲಿ ಒಂದು ನೀರುಗಿರಣಿಯ ಗೋಡೆಗಳು ಪೊದೆ ಮುಚ್ಚಿಕೊಂಡು ಬಿದ್ದಿದ್ದವು. ತೋಡಿನ ನೀರು ದೊಡ್ಡ ಮರದ ಚಕ್ರವನ್ನು ತಿರುಗಿಸುವುದು, ಆ ಚಕ್ರ ಒಳಗಿರುವ ಬೀಸುವ ಕಲ್ಲನ್ನು ತಿರುಗಿಸುವುದು. ಎಂಜಿನ್ನು, ಕರೆಂಟು ಯಾವುದೂ ಇಲ್ಲದ ಕಾಲದ ಏರ್ಪಾಡು. ಊರಿನವರೇ ಸಮಿತಿ ಮಾಡಿಕೊಂಡು ಗೋಡೆ ಎಬ್ಬಿಸಿ, ಹೊಸ ಚಕ್ರ ಕೂರಿಸಿ, ಸುತ್ತಲೂ ಹುಲ್ಲುಹಾಸು, ಬೆಂಚು, ಜಾರುಬಂಡಿ ಹಾಕಿ ಅದನ್ನೊಂದು ಪಾರ್ಕು ಮಾಡಿದರು.

ದೀಪಾವಳಿ ಕಳೆದ ಹೊಸತರಲ್ಲಿ ನಾನೂ ಯಜಮಾನರೂ ನೋಡಲು ಹೋದೆವು. ಚಕ್ರ ನೀರು ಚೆಲ್ಲುತ್ತಾ ತಿರುಗುತ್ತಿತ್ತು. ಒಳಗೆ ಕಲ್ಲಿನ ಮೇಲೆ ಕಲ್ಲು ಗುರುಗುರು ಎನ್ನುತ್ತಿತ್ತು. ಮನಸ್ಸಿಗೆ ಒಂದು ಥರದ ನೆಮ್ಮದಿ. ಆಮೇಲೆ ಫಲಕ ಓದಿದೆ. ನೆಮ್ಮದಿ ಹೋಯಿತು. "ಪುರಾತನ ನೀರುಗಿರಣಿ. ಕಟ್ಟಿಸಿದವರು: ತಿಳಿದುಬಂದಿಲ್ಲ."

ತಿಳಿದುಬಂದಿಲ್ಲವೆಂದರೇನು? ನಮ್ಮ ಮನೆಯ ಜಗಲಿಯ ಬುಡದಲ್ಲಿ ಕಾಲು ತೊಳೆಯುವ ಒಂದು ಕಲ್ಲಿದೆ. ದುಂಡಗೆ, ನಡುವೆ ತೂತು, ಮೈತುಂಬ ಗೀರು. ನಾನು ಮದುವೆಯಾಗಿ ಬಂದ ದಿನ ಅದರ ಮೇಲೆಯೇ ನನ್ನ ಕಾಲಿಗೆ ನೀರು ಹೊಯ್ದು ಅತ್ತೆ ಹೇಳಿದ್ದರು, "ಇದ್ ತೋಡಿನ ಗಿರಣಿ ಕಲ್ಲ್. ಅಜ್ಜಯ್ಯ ತಂದದ್ದ್." ಅಜ್ಜಯ್ಯನೆಂದರೆ ಯಜಮಾನರ ಅಜ್ಜ. ಗಿರಣಿಯ ಕಲ್ಲು ಯಾರ ಮನೆಯಲ್ಲಿದೆಯೋ ಗಿರಣಿ ಅವರದ್ದು. ಇದಕ್ಕೆ ಪದವಿಯೂ ಬೇಡ.

ಸಮಿತಿಯ ಅಧ್ಯಕ್ಷರು ನಿವೃತ್ತ ಬ್ಯಾಂಕ್ ಮೆನೇಜರು. ಕಾಗದ ಇಲ್ಲದಿದ್ದರೆ ಸೂರ್ಯ ಮೂಡಿದ್ದನ್ನೂ ಒಪ್ಪುವವರಲ್ಲ.

"ಅಮ್ಮಾ, ಕಲ್ಲ್ ಎಲ್ಲರ ಮನೆಯೊಳ್ಗೂ ಇರತ್ತ್. ಮಳೆಗಾಲಕ್ ಮುಂಚೆ ಫಲಕಕ್ಕೆ ಮತ್ತೆ ಪೈಂಟ್ ಹೊಡ್ಸುದಿತ್ತ್. ಅಷ್ಟರೊಳ್ಗೆ ದಾಖಲೆ ತನ್ನಿ, ಅಜ್ಜಯ್ಯನ ಹೆಸ್ರ್ ಹಾಕುವ."

ಮನೆಗೆ ಬಂದು ಎಲ್ಲಾ ಫೈಲು ಜಾಲಾಡಿದೆ. ಗಿರಣಿಯ ಬಗ್ಗೆ ಒಂದು ಚೂರು ಕಾಗದ ಇಲ್ಲ. ಯಜಮಾನರು ಪೇಪರಿನಿಂದ ತಲೆ ಎತ್ತದೆ ಹೇಳಿದರು: "ಆ ಕುಕ್ಕರಿನ ಗ್ಯಾರಂಟಿ ಕಾರ್ಡ್ ಕೊಟ್ ಕಾಣ್. ಬ್ಯಾಂಕಿನವ್ರ್, ಒಪ್ಪಿರೂ ಒಪ್ರ್."

ನಾದಿನಿಯ ಅಕ್ಕಿ

ದಾಖಲೆ ಸಿಗುವ ತನಕ ಅಧ್ಯಕ್ಷರ ಹತ್ತಿರ ಒಳ್ಳೆಯ ಹೆಸರನ್ನಾದರೂ ಉಳಿಸಿಕೊಳ್ಳೋಣವೆಂದುಕೊಂಡೆ. ಭಾನುವಾರ ಯಾರು ಅಕ್ಕಿ ತಂದರೂ ಗಿರಣಿಯಲ್ಲಿ ಬೀಸಿಕೊಡುವ ಪದ್ಧತಿ ಇಟ್ಟಿದ್ದರು. ಆದರೆ ತರುವವರೇ ಇರಲಿಲ್ಲ. ಕೋಟೇಶ್ವರದಲ್ಲಿರುವ ನನ್ನ ನಾದಿನಿಗೆ ಫೋನು ಮಾಡಿ, "ಭಾನುವಾರ ಬಾ, ಬರುವಾಗ ಅಕ್ಕಿ ತಕಂಡ್ ಬಾ, ನಮ್ಮ ಗಿರಣಿಯಲ್ಲೇ ಬೀಸುವ" ಎಂದೆ. ನಮ್ಮ ಗಿರಣಿ ಎಂದದ್ದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದ್ದೆ.

ನಾದಿನಿ ಬಂದಳು. ಬಸ್ಸಿನಿಂದ ಇಳಿದವಳು ಮುಚ್ಚಳದ ಸ್ಟೀಲು ಡಬ್ಬಿಯನ್ನು ಮಗುವಿನಂತೆ ಎತ್ತಿಕೊಂಡೇ ನಡೆದಳು. ಅಧ್ಯಕ್ಷರು ತಾವೇ ಮುಂದೆ ನಿಂತು ನೀರು ತಡೆದಿದ್ದ ಹಲಗೆ ಎತ್ತಿಸಿದರು, ಚಕ್ರ ತಿರುಗಿತು. ನಾದಿನಿ ಡಬ್ಬಿ ತೆಗೆದು ಕಲ್ಲಿನ ಬಾಯಿಗೆ ಸುರಿದಳು. ಕಲ್ಲು ಎರಡು ಸುತ್ತು ತಿರುಗಿ ಒಂದು ತೇಗು ಬಿಟ್ಟಂತೆ ಮಾಡಿ ನಿಂತೇಬಿಟ್ಟಿತು. ಹೊರಗೆ ಚಕ್ರ ನಡುಗುತ್ತಿದೆ, ಒಳಗೆ ಕಲ್ಲು ಅಲ್ಲಾಡುವುದಿಲ್ಲ. ಬಗ್ಗಿ ನೋಡಿದರೆ ಕಲ್ಲಿನ ಅಂಚಿನಿಂದ ಬಿಳಿ ಅಂಟು ಇಳಿಯುತ್ತಿದೆ.

"ಎಂತ ಹಾಕ್ದ್ಯೆ ನೀನು?"

"ಅಕ್ಕಿ. ರಾತ್ರಿಯೇ ನೆನ್ಸಿ ಇಟ್ಟಿದ್ದೆ. ನೀರ್‌ದೋಸೆಗೆ ಅಂದೇಳಿ ಒಂದ್ ಕಡಿ ಕಾಯಿತುರಿಯೂ ಹಾಕಿದ್ದೆ."

ಈ ಗಿರಣಿಗೆ ಒಣ ಅಕ್ಕಿಯೇ ಬೇಕೆಂದು ನಾನು ಹೇಳಿರಲಿಲ್ಲ, ಅವಳನ್ನು ದೂರುವಂತಿಲ್ಲ. ನಮ್ಮ ಕಡೆ ಕಲ್ಲಿಗೆ ಅಕ್ಕಿ ಹಾಕುವುದೆಂದರೆ ನೆನೆಸಿಯೇ ಹಾಕುವುದು. ಒಣ ಅಕ್ಕಿಯನ್ನು ಕಲ್ಲಿಗೆ ಹಾಕಿದ ಸೊಸೆಯನ್ನು ನಾನಂತೂ ನೋಡಿಲ್ಲ. ನಾಲ್ಕಾರು ಜನ ಹಾರೆ ಹಾಕಿ ಮೇಲಿನ ಕಲ್ಲನ್ನು ಎಬ್ಬಿಸಿದರು. ಅಧ್ಯಕ್ಷರು ಬೆವರು ಒರೆಸಿಕೊಳ್ಳುತ್ತಾ ನನ್ನತ್ತ ನೋಡಿದರು.

"ಅಮ್ಮಾ, ಕಟ್ಟಿಸ್ದವ್ರ್ ಯಾರಂತ ಗೊತ್ತಾಗ್ಲಿಲ್ಲ. ಗಿರಣಿ ನಿಲ್ಸದ್ದ್ ಮಾತ್ರ ನಿಮ್ಮ ಮನೆಯವ್ರ್ ಅಂದೇಳಿ ಹಾಕ್ಲಕ್ಕ್."

ನಾನು ಡಬ್ಬಿಯ ಮುಚ್ಚಳ ಹುಡುಕತೊಡಗಿದೆ. ನಾದಿನಿ ಮಾತ್ರ ಕಲ್ಲಿನ ಮೇಲಿದ್ದ ಹಿಟ್ಟನ್ನು ಬೆರಳಿನಿಂದ ತೆಗೆದು ತಿಕ್ಕಿ ನೋಡುತ್ತಿದ್ದಳು. "ನೈಸ್ ಆಯ್ತ್ ಕಾಣಿ. ಒಂಚೂರ್ ಉಪ್ಪ್ ಹಾಕಿರೆ ದೋಸೆ ಹೊಯ್ಲಕ್ಕಿತ್ತ್."

ನೀರು ಬರುವುದಕ್ಕೆ

ಬೇಸಿಗೆ ಬಂತು. ತವರಿನಿಂದ ತಮ್ಮನ ಸಂಸಾರ ಬಂದಾಗ ಅವರನ್ನೂ ಗಿರಣಿಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ನನ್ನ ಭಾಷಣ: ನಮ್ಮ ಹಿರಿಯರು ಎಣ್ಣೆ ಸುಡಲಿಲ್ಲ, ಕರೆಂಟಿಗೆ ಕಾಯಲಿಲ್ಲ, ಹರಿಯುವ ನೀರಿನಿಂದಲೇ ಕೆಲಸ ಮಾಡಿಸಿಕೊಂಡರು, ಇತ್ಯಾದಿ.

ಹೋಗಿ ನೋಡಿದರೆ ತೋಡಿನಲ್ಲಿ ನೀರಿಲ್ಲ. ಚಕ್ರ ಮಾತ್ರ ಭರ್ಜರಿಯಾಗಿ ತಿರುಗುತ್ತಿದೆ. ನನಗೇ ಆಶ್ಚರ್ಯ. ತಮ್ಮ ಚಕ್ರದ ಹಿಂದೆ ಹೋಗಿ ಇಣುಕಿದ. ಅಲ್ಲೊಂದು ಬೋರ್‌ವೆಲ್ಲು, ಅದರಿಂದ ದಪ್ಪ ಪೈಪು, ಪೈಪಿನ ನೀರು ಚಕ್ರದ ತಲೆಯ ಮೇಲೆ. ಅವನು ನೋಡುತ್ತಿದ್ದಂತೆ ಕರೆಂಟು ಹೋಯಿತು. ಚಕ್ರ ಮೆಲ್ಲ ಮೆಲ್ಲಗೆ ನಿಂತಿತು.

ತಮ್ಮ ಪಾರ್ಕಿನ ಕಾವಲುಗಾರನನ್ನು ಕರೆದ. "ಹ್ವಾಯ್, ನೀರಿನ ಗಿರಣಿಗೆ ಕರೆಂಟ್ ಎಂತಕೆ ಮಾರಾಯ್ರೆ?"

ಕಾವಲುಗಾರ ಇವನಿಗೆ ಇಷ್ಟೂ ತಿಳಿಯದೇ ಎಂಬಂತೆ ನೋಡಿ ಹೇಳಿದ: "ನೀರ್ ಬಪ್ಪುಕೆ."

ಆ ವರ್ಷದ ಚಳಿ

ಫಲಕಕ್ಕೆ ಹೆಸರು ಸೇರುತ್ತದೆಂಬ ಸುದ್ದಿ ಊರು ದಾಟಿತು. ಒಂದು ದಿನ ಮರವಂತೆಯಿಂದ ಒಬ್ಬರು ಕಾರಿನಲ್ಲಿ ಬಂದರು. ಮುಂಬಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದವರು. ಗಿರಣಿಯನ್ನು ಕಟ್ಟಿಸಿದ್ದು ತಮ್ಮ ಮುತ್ತಜ್ಜ, ಅದರ ಫೋಟೋವೇ ತಮ್ಮಲ್ಲಿದೆ ಎಂದರು. ಫೋಟೋ! ನಾನೂ ಅವರ ಹಿಂದೆಯೇ ಹೊರಟೆ.

ಅಧ್ಯಕ್ಷರ ಮನೆಯ ಜಗಲಿಯಲ್ಲಿ ಫೋಟೋ ಬಿಚ್ಚಿದರು. ಕಟ್ಟು ಹಾಕಿಸಿದ ಚಂದದ ಚಿತ್ರ. ನೀರುಗಿರಣಿ ಹೌದು, ಮರದ ಚಕ್ರ ಹೌದು. ನಾನು ಕನ್ನಡಕ ಏರಿಸಿ ನೋಡಿದೆ. ಗಿರಣಿಯ ಮಾಡಿನ ಮೇಲೆ, ಹಿಂದಿನ ಗುಡ್ಡದ ಮೇಲೆ, ಬೇಲಿಯ ಮೇಲೆ ಎಲ್ಲೆಲ್ಲೂ ಹಿಮ. ಯಾವುದೋ ದೇಶದ ಕ್ಯಾಲೆಂಡರಿನಿಂದ ಕತ್ತರಿಸಿದ್ದು.

ಗೆದ್ದೆನೆಂದುಕೊಂಡು ಕೇಳಿದೆ: "ಇಲ್ಲಿ ಬಿಳಿ ಬಿಳಿ ಕಾಣ್ತಿತ್ತಲ್ದೆ, ಅದೆಂತ?"

ಅವರು ಫೋಟೋವನ್ನು ಹತ್ತಿರ ಹಿಡಿದು ನೋಡಿದರು. ಒಂದು ಗಳಿಗೆಯೂ ಅಳುಕಲಿಲ್ಲ.

"ಆ ವರ್ಷ ಚಳಿ ಜಾಸ್ತಿ ಇದ್ದಿತ್ತಂಬ್ರು."

ಸಾಕ್ಷಿ

ಪೈಂಟು ಹೊಡೆಯುವ ದಿನ ಬಂತು. ಪೈಂಟರು ಹಳೆಯ ಅಕ್ಷರ ಕೆರೆದು ಬ್ರಷ್ ಅದ್ದಿಕೊಂಡು ಕುಳಿತಿದ್ದ. ನನ್ನ ಬಳಿ ಕಾಗದ ಇರಲಿಲ್ಲ. ಆದರೆ ಕಾಗದಕ್ಕಿಂತ ದೊಡ್ಡ ದಾಖಲೆ ಮನೆಯ ಜಗಲಿಯಲ್ಲೇ ಕುಳಿತಿತ್ತು. ತೊಂಬತ್ತು ದಾಟಿದ ನಮ್ಮ ಅತ್ತೆ. ಅಜ್ಜಯ್ಯನನ್ನು ಕಣ್ಣಾರೆ ಕಂಡ ಒಬ್ಬರೇ ಒಬ್ಬರು. ಜೊತೆಗೆ ಕಾಲು ತೊಳೆಯುವ ಕಲ್ಲನ್ನೂ ಅಗೆಸಿ ಟೆಂಪೋದಲ್ಲಿ ಹಾಕಿಸಿದೆ. ಮುಂದೆ ಅತ್ತೆ, ಹಿಂದೆ ಕಲ್ಲು, ಕಲ್ಲಿನ ಪಕ್ಕ ನಾನೂ ಯಜಮಾನರೂ. ಅತ್ತೆಯನ್ನು ಬೇಕೆಂದೇ ಏನೂ ಕೇಳಿರಲಿಲ್ಲ. ಹೇಳಿಕೊಟ್ಟ ಸಾಕ್ಷಿ ಎಂಬ ಮಾತು ನನ್ನ ಮೇಲೆ ಬರಬಾರದಲ್ಲ!

ಗಿರಣಿಯ ಮೇಲಿನ ಕಲ್ಲನ್ನು ಸರಿಸಿ, ನಮ್ಮ ಕಲ್ಲನ್ನು ಒಳಗೆ ಇಳಿಸಿ ಕೆಳಗಿನ ಹಳೆಯ ಕಲ್ಲಿನ ಪಕ್ಕ ಇಟ್ಟರು. ಅಗಲ ಒಂದೇ, ಗೀರು ಒಂದೇ. ಅಧ್ಯಕ್ಷರು ಬಾಗಿ ಮುಟ್ಟಿದರು. ಅವರ ದನಿ ಸಣ್ಣದಾಯಿತು.

"ಹೌದಮ್ಮ, ಇದ್ರದ್ದೇ ಜೋಡಿ. ಮೇಲಿನ ಕಲ್ಲ್ ಎಲ್ಲ್ ಹುಡ್ಕಿರೂ ಸಿಕ್ಕದೆ ನಾವ್ ಹೊಸ್ತ್ ಕೆತ್ಸದ್ದ್."

ನಾನು ಯಜಮಾನರ ಕಡೆ ನೋಡಿದೆ. ಆ ನೋಟದಲ್ಲಿ ನನ್ನ ಪದವಿ ಪೂರ್ತಿ ಇತ್ತು. ಅಧ್ಯಕ್ಷರು ಅತ್ತೆಯ ಕಿವಿಯ ಹತ್ತಿರ ಬಾಗಿದರು. "ಅಮ್ಮಾ, ಈ ಗಿರಣಿ ನಿಮ್ಮ ಮಾವಯ್ಯ ಕಟ್ಟಿಸದ್ದಾ?"

ಅತ್ತೆ ಅವರನ್ನೇ ದುರುಗುಟ್ಟಿ ನೋಡಿದರು.

"ಯಾರ್ ಹೇಳದ್ದ್? ನಮ್ಮ ಮಾವಯ್ಯ ಇಂಥಾ ಗಿರಣಿ ಎಂತಕೆ ಕಟ್ಟಿಸ್ತ್ರ್? ಅವ್ರ್ ಎಂಜಿನ್ ಗಿರಣಿ ತಂದವ್ರ್! ಈ ಊರಿಗೇ ಫಸ್ಟ್!"

"ಮತ್ತೆ ಈ ಕಲ್ಲ್?"

"ಎಂಜಿನ್ ತಂದ್ರೂ ಜನ ಎಲ್ಲ ಇಲ್ಲಿಗೇ ಬಪ್ಪುದ್. ಇಲ್ಲ್ ನೀರೇ ಕಲ್ಲ್ ತಿರ್ಗ್ಸ್ತಿತ್ತಲ್ದೆ, ಬೀಸುಕೆ ದುಡ್ಡ್ ಕಮ್ಮಿ! ಮಾವಯ್ಯ ಕಂಡ್ರ್, ಕಂಡ್ರ್. ಒಂದಿನ ಗಾಡಿ ತಕಂಡ್ ಬಂದ್ ಮೇಲಿನ ಕಲ್ಲ್ ಹೊತ್ತ್ ಹಾಕ್ಕಂಡ್ ಹೋರ್. ಮರುದಿನದಿಂದ ಎಲ್ಲ ನಮ್ಮ ಗಿರಣಿಗೆ!"

ಅತ್ತೆ ಹೆಮ್ಮೆಯಿಂದ ಸುತ್ತಲೂ ನೋಡಿದರು. ಮುಖದಲ್ಲಿ ಕಳ್ಳತನದ ನೆರಳೂ ಇಲ್ಲ, ಬರೀ ಗೆದ್ದ ಸಂತೋಷ. ಆಮೇಲೆ ಬೋಳು ಬಾಯಿ ತೆರೆದು ತೋರಿಸಿ, "ಇಲ್ಲಿನ ಹಿಟ್ಟಲ್ಲ್ ಬರೀ ಕಲ್ಲ್. ನನ್ನ ಹಲ್ಲ್ ಹೋದ್ದೇ ಇದ್ರಿಂದ" ಎಂದರು.

ಪೈಂಟಿನವ ಬ್ರಷ್ ಎತ್ತಿ ಹಿಡಿದೇ ಕೇಳಿದ. "ಹಾಂಗಾರೆ ನಾನ್ ಎಂತ ಬರಿಲಿ?"

ಯಾರೂ ನಗಲಿಲ್ಲ. ಎಲ್ಲರೂ ನಗು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು. ಅದು ನಗುವುದಕ್ಕಿಂತ ಕಷ್ಟ. ನಾನು ನೆಲದ ಮೇಲೆ ಜೊತೆಯಾಗಿದ್ದ ಆ ಕಲ್ಲುಗಳನ್ನು ನೋಡಿದೆ. ಹಳೆಯ ಚಕ್ರ ಕೊಳೆತುಹೋಯಿತು, ಮಾಡು ಕುಸಿಯಿತು, ಕಟ್ಟಿಸಿದವರ ಹೆಸರೂ ಅಳಿಯಿತು. ಅಜ್ಜಯ್ಯ ಹೊತ್ತುಕೊಂಡು ಹೋದ ಈ ಒಂದು ಕಲ್ಲು ಮಾತ್ರ ಮುಕ್ಕಾಗದೆ ಉಳಿಯಿತು. ನಾವೆಲ್ಲ ಅದನ್ನು ದಿನವೂ ತುಳಿದು, ತೊಳೆದು, ತಿಳಿಯದೆಯೇ ಕಾಪಾಡಿದ್ದೆವು. ನಾನು ಬಲು ಜತನದಿಂದ ಇಟ್ಟ ಫೈಲುಗಳಲ್ಲಿ ಅರ್ಧ ಗೆದ್ದಲಿಗೆ ಹೋಗಿವೆ.

"ಸತ್ಯವನ್ನೇ ಬರೀರಿ" ಎಂದೆ. "ಕಲ್ಲ್ ಇಲ್ಲೇ ಇರ್ಲಿ."

ಅಧ್ಯಕ್ಷರು ದೊಡ್ಡ ಮನುಷ್ಯರು. ಕಟ್ಟಿಸಿದವರು ತಿಳಿದುಬಂದಿಲ್ಲ ಎಂಬ ಸಾಲನ್ನು ಮತ್ತೆ ಇದ್ದ ಹಾಗೆಯೇ ಬರೆಸಿ, ಅದರ ಕೆಳಗೆ ನಮ್ಮ ಮನೆತನದ ಹೆಸರು ಹಾಕಿಸಿ, "ಗಿರಣಿಯ ಮೂಲ ಕಲ್ಲನ್ನು ದೀರ್ಘಕಾಲ ಜೋಪಾನ ಮಾಡಿದವರು" ಎಂದು ಸೇರಿಸಿದರು. ಬ್ಯಾಂಕಿನವರಿಗೆ ಮಾತ್ರ ಇಂಥ ಭಾಷೆ ಬರುತ್ತದೆ.

ಕಲ್ಲನ್ನು ಫಲಕದ ಪಕ್ಕ ಒಂದು ಕಟ್ಟೆಯಲ್ಲಿ ಕೂರಿಸಿ, ಸುತ್ತ ಸರಪಳಿ ಕಟ್ಟಿ, "ಪುರಾತನ ವಸ್ತು, ಮುಟ್ಟಬಾರದು" ಎಂದು ಬರೆದರು. ಮನೆಯಲ್ಲಿ ಅದರ ಜಾಗಕ್ಕೆ ಸಿಮೆಂಟು ಹಾಕಿಸಿದೆ. ಅತ್ತೆಗೆ ಅದು ಹಿಡಿಸಲೇ ಇಲ್ಲ, ಜಾರುತ್ತದಂತೆ.

ಮೊನ್ನೆ ಮಳೆ ಬಿಟ್ಟ ಒಂದು ಸಂಜೆ ಅವರನ್ನು ಪಾರ್ಕಿಗೆ ಕರೆದುಕೊಂಡು ಹೋಗಿದ್ದೆ. ನಾನು ಫಲಕದ ಮುಂದೆ ನಿಂತು ನಮ್ಮ ಮನೆಯ ಹೆಸರನ್ನು ಓದುತ್ತಿದ್ದೆ. ಹೆಮ್ಮೆ ಪಡುವುದೋ ನಾಚಿಕೆ ಪಡುವುದೋ ಇನ್ನೂ ತೀರ್ಮಾನವಾಗಿಲ್ಲ. ಹಿಂದಿನಿಂದ ಕಾವಲುಗಾರನ ಕೂಗು ಕೇಳಿತು. ತಿರುಗಿ ನೋಡಿದರೆ ಅತ್ತೆ ಸರಪಳಿ ದಾಟಿ ಕಲ್ಲಿನ ಮೇಲೆ ನಿಂತು, ಸೀರೆಯನ್ನು ಸ್ವಲ್ಪ ಎತ್ತಿಕೊಂಡು, ನನ್ನ ಬಾಟಲಿಯ ಕುಡಿಯುವ ನೀರಿನಲ್ಲಿ ಸಾವಕಾಶವಾಗಿ ಕಾಲು ತೊಳೆಯುತ್ತಿದ್ದಾರೆ.

"ಹ್ವಾಯ್ ಅಮ್ಮಾ! ಇಳಿನಿ, ಇಳಿನಿ! ಅದ್ ಪುರಾತನದ್ದ್!"

ಅತ್ತೆ ಇನ್ನೊಂದು ಕಾಲಿಗೂ ನೀರು ಹೊಯ್ದುಕೊಂಡರು.

"ನಾನೆಂತ ನಿನ್ನೆ ಮೊನ್ನೆಯದ್ದಾ?"