ಸನ್ನಿವೇಲ್ ಅಜ್ಜಿಯ ಹಬ್ಬದ ಬ್ರೆಡ್ಡು

ನಂಬಲ್ಲ ಅನ್ನೋರು ಈಗಲೇ ಎದ್ದು ಹೋಗಬಹುದು, ನನಗೇನೂ ಬೇಜಾರಿಲ್ಲ. ಮಂಡ್ಯ ಕಡೆಯ ಹಳ್ಳಿಯವನು ಮೆಕ್ಸಿಕೋದ ಅಜ್ಜಿಯೊಬ್ಬಳ ಬೇಕರಿಯಲ್ಲಿ ಪಟ್ಟು ಹಿಡಿದು ನಿಂತ ಕಥೆ ಇದು. ಬೇಕರಿ ಅಂದಮೇಲೆ ಇಂಥವು ನಡೆಯುತ್ತಲೇ ಇರುತ್ತವೆ. ನಾನು ಒಳಗೆ ಕಾಲಿಟ್ಟರೆ ಸ್ವಲ್ಪ ಬೇಗ ನಡೆಯುತ್ತವೆ, ಅಷ್ಟೇ.

ಆಗ ನಾನು ಅಮೆರಿಕದ ಸನ್ನಿವೇಲ್‌ನ ಒಂದು ಹೋಟೆಲಿನಲ್ಲಿ ಅಡುಗೆಯವನು. ಡಾಟ್ ಕಾಮ್ ಕಂಪನಿಗಳ ಭರಾಟೆಯ ಕಾಲ. ನಮ್ಮ ಬೆಂಗಳೂರು, ಹಾಸನದ ಇಂಜಿನಿಯರ್ ಹುಡುಗರು ಮಧ್ಯಾಹ್ನ ನನ್ನ ದೋಸೆಗೆ ಪಾರ್ಕಿಂಗ್ ಲಾಟಿನವರೆಗೂ ಸಾಲು ನಿಲ್ಲುತ್ತಿದ್ದರು. ಹೋಟೆಲಿನ ಹಿಂದಿನ ಬೀದಿಯಲ್ಲೇ ಅಜ್ಜಿಯ ಬೇಕರಿ. ಇಂಥ ಬೇಕರಿ ಅಲ್ಲೇ ಹತ್ತಿರದ ಓಕ್ಲ್ಯಾಂಡಿನಲ್ಲೂ ಇದೆ, ಮಾರ್ಗನ್ ಹಿಲ್‌ನಲ್ಲೂ ಇದೆ. ಹೋಗಿ ತಿನ್ನಿ, ಬೇಡ ಅನ್ನಲ್ಲ. ಆದರೆ ಹಬ್ಬದ ಬ್ರೆಡ್ಡು ಅಂದರೆ ನಮ್ಮಜ್ಜಿಯದೇ. ನಲವತ್ತು ವರ್ಷದಿಂದ ಹಬ್ಬದ ಹಿಟ್ಟು ಅವಳೊಬ್ಬಳೇ ನಾದುತ್ತಿದ್ದಳು, ಹೆತ್ತ ಮಗಳಿಗೂ ಮುಟ್ಟಲು ಬಿಡುತ್ತಿರಲಿಲ್ಲ.

ಇದು ಕಿವಿಗೆ ಬಿದ್ದದ್ದೇ ತಡ, ದೋಸೆ ಸಾಲಿನ ಮುಂದೆ ಘೋಷಿಸಿಬಿಟ್ಟೆ. "ಜನವರಿ ಆರಕ್ಕೆ ಇವರ ಮೂರು ರಾಜರ ಹಬ್ಬ. ಅಷ್ಟರೊಳಗೆ ಆ ಹಿಟ್ಟಿಗೆ ನನ್ನ ಕೈ ಬೀಳದಿದ್ದರೆ ನಾನು ಅಡುಗೆಯವನೇ ಅಲ್ಲ."

ಸಾಲಿನಲ್ಲಿದ್ದವನೊಬ್ಬ, "ಡೆಡ್‌ಲೈನು ನೀನೇ ಹಾಕ್ಕೊಂಡಿದೀಯ ಗುರು, ನೆನಪಿರಲಿ" ಅಂದ. ಅವತ್ತಿಂದ ದಿನಾ ಇದೇ ವಿಚಾರಣೆ.

ಮೊದಲ ದಿನ

ಅಜ್ಜಿಯ ಬೇಕರಿಯಲ್ಲಿ ಬೇಕಾದ ಬ್ರೆಡ್ಡನ್ನು ನಾವೇ ಟ್ರೇ ಮತ್ತು ಇಕ್ಕಳ ಹಿಡಿದು ಆರಿಸಿಕೊಳ್ಳಬೇಕು. ನನಗೇನು ಗೊತ್ತು. ನಮ್ಮೂರ ಬೇಕರಿಯ ಹಾಗೆ ಗಲ್ಲಾ ಮುಂದೆ ಕೈಕಟ್ಟಿ ನಿಂತೆ. ಟ್ರೇ ಹಿಡಿದು ಓಡಾಡುವವರೆಲ್ಲ ಕೆಲಸದವರು ಅಂದುಕೊಂಡೆ. ಕಪ್ಪು ಅಂಗಿಯ ಒಬ್ಬ ಹಿರಿಯರನ್ನು ಕರೆದು, "ಆ ಸಕ್ಕರೆ ಹಾಕಿರೋದು ಎರಡು ಕೊಡಿ" ಅಂದೆ. ಪಾಪ, ಕೊಟ್ಟರು. "ಇದಲ್ಲ, ಹಿಂದಿನದು, ಚೆನ್ನಾಗಿ ಬೆಂದಿರೋದು" ಅಂದೆ. ಅದನ್ನೂ ಬದಲಾಯಿಸಿ ಕೊಟ್ಟರು. ಕೆಲಸದಲ್ಲಿ ಸ್ವಲ್ಪ ನಿಧಾನ ಅಂತ ಅನ್ನಿಸಿ ಅದನ್ನೂ ಹೇಳಿದೆ. ತಲೆದೂಗಿದರು.

ಅವರು ಹೋದಮೇಲೆ ಗಲ್ಲಾದಲ್ಲಿದ್ದ ಅಜ್ಜಿಯ ಮಗಳು ಕೇಳಿದಳು. "ನಮ್ಮ ಚರ್ಚಿನ ಪಾದ್ರಿಗಳು ನಿಮಗೆ ಮೊದಲೇ ಪರಿಚಯವಾ?"

ತಾತನ ಸಿಗರೇಟು

ನವೆಂಬರ್ ಶುರುವಿಗೆ ಸತ್ತವರ ಹಬ್ಬ. ಮೇಲೆ ಮೂಳೆಯ ಆಕಾರ ಕೂರಿಸಿದ ದುಂಡು ಬ್ರೆಡ್ಡು, ಕಿತ್ತಳೆ ಸಿಪ್ಪೆಯ ಘಮ. ಅದನ್ನು ಸತ್ತವರ ಫೋಟೋ ಮುಂದೆ ಇಡುತ್ತಾರಂತೆ. ನಾನು ಅಜ್ಜಿಯ ಮಗಳಿಗೆ, "ಅಕ್ಕಾ, ನಮ್ಮಲ್ಲೂ ಪಿತೃಪಕ್ಷಕ್ಕೆ ಎಡೆ ಇಡ್ತೀವಿ. ನಮ್ಮ ತಾತನಿಗೆ ಬೀಡಿ ಇಲ್ಲದಿದ್ದರೆ ಎಡೆ ಸಲ್ಲಲ್ಲ" ಅಂದೆ. ಅವಳು ಅದನ್ನು ಸ್ಪ್ಯಾನಿಶ್‌ನಲ್ಲಿ ಅಜ್ಜಿಗೆ ಹೇಳಿದಳು. ನನಗೆ ಅಜ್ಜಿಯ ಭಾಷೆ ಬಾರದು, ಅಜ್ಜಿಗೆ ನನ್ನ ಇಂಗ್ಲಿಷ್ ಬಾರದು. ಅಕ್ಕನೇ ನಮ್ಮಿಬ್ಬರ ನಡುವಿನ ಸೇತುವೆ.

ಮಾರನೆಯ ದಿನ ಹೋದರೆ, ಅಜ್ಜಿ ತನ್ನ ಗಂಡನ ಫೋಟೋ ಪಕ್ಕ ಒಂದು ಜಾಗ ಬಿಡಿಸಿದ್ದಳು. ಅಲ್ಲಿ ಒಂದು ಬ್ರೆಡ್ಡು, ಒಂದು ಲೋಟ ಕಾಫಿ, ಒಂದು ಸಿಗರೇಟು. ನಮ್ಮ ತಾತನಿಗೆ. ಫೋಟೋ ಇಲ್ಲ, ಹೆಸರೂ ಆಕೆಗೆ ಗೊತ್ತಿಲ್ಲ. ನಾನು ಚಪ್ಪಲಿ ಬಿಟ್ಟು ಕೈಮುಗಿದೆ. ನನ್ನನ್ನು ಬಲ್ಲವರು ಇದನ್ನೂ ನಂಬಲ್ಲ.

ಅಷ್ಟರಲ್ಲಿ ಅಜ್ಜಿ ಏನೋ ಗೊಣಗಿ ಗಂಡನ ಫೋಟೋ ಎತ್ತಿಕೊಂಡು ಹೋಗಿ ಆ ತುದಿಗಿಟ್ಟಳು. ಅಕ್ಕ ಹೇಳಿದಳು. "ಅಪ್ಪನಿಗೆ ಸಿಗರೇಟು ಬಿಡಿಸೋಕೆ ಹತ್ತು ವರ್ಷ ಹಿಡೀತಂತೆ. ನಿಮ್ಮ ತಾತ ಮತ್ತೆ ಕಲಿಸಿಬಿಡ್ತಾನೆ ಅಂತ ಭಯ."

ತೋಳು ತೋರಿಸಿದ್ದು

ಡಿಸೆಂಬರಿನಲ್ಲಿ ನೇರವಾಗಿ ಕೇಳಿಯೇಬಿಟ್ಟೆ. ಅಂಗಿಯ ತೋಳು ಮಡಿಸಿ, "ಅಜ್ಜಿ, ಮದುವೆಮನೆಯಲ್ಲಿ ಮುನ್ನೂರು ಜನಕ್ಕೆ ಒಬ್ಬನೇ ಮುದ್ದೆ ತಿರುವಿದ ತೋಳು ಇದು. ಒಂದು ಸಲ ಹಿಟ್ಟು ಕೊಟ್ಟು ನೋಡು" ಅಂದೆ. ಇನ್ನೂರು ಜನ ಇದ್ದದ್ದು. ಇರಲಿ.

ಅಜ್ಜಿ ಹತ್ತಿರ ಬಂದು ತೋಳನ್ನು ಹಿಸುಕಿ ನೋಡಿದಳು. ಸಂತೆಯಲ್ಲಿ ಕುರಿ ನೋಡುವ ಹಾಗೆ. ಅಕ್ಕನ ಮೂಲಕ ತೀರ್ಪು ಬಂತು. "ತೋಳು ಚೆನ್ನಾಗಿದೆ ಅಂತೆ. ಟ್ರೇಗಳೆಲ್ಲ ಸಿಂಕಿನಲ್ಲಿ ಇವೆ, ಉಜ್ಜಬಹುದಂತೆ."

ಉಜ್ಜಿದೆ. ಎಲ್ಲವನ್ನೂ.

ರಾಜರ ಹಬ್ಬ

ಜನವರಿ ಆರು ಬಂದೇಬಿಟ್ಟಿತು. ಹಿಟ್ಟು ಇನ್ನೂ ಮುಟ್ಟಿಲ್ಲ. ಬೆಳಗಿನಿಂದ ಅಜ್ಜಿ ಉಂಗುರದಾಕಾರದ, ಮೇಲೆ ಬಣ್ಣದ ಹಣ್ಣಿನ ಚೂರು ಕೂರಿಸಿದ ಬ್ರೆಡ್ಡುಗಳನ್ನು ಡಬ್ಬಗಟ್ಟಲೆ ಕಳಿಸುತ್ತಿದ್ದಳು. ಹನ್ನೊಂದು ಗಂಟೆಗೆ ವಾಡಿಕೆಯ ಗಿರಾಕಿಗಳಿಗೆ ಅಂಗಡಿಯಲ್ಲೇ ಒಂದು ಉಂಗುರ ಕೊಯ್ದಳು. ಪಾದ್ರಿಗಳೂ ಇದ್ದರು. ನನಗೂ ಒಂದು ತುಂಡು.

ಕಚ್ಚಿದೆ. ಹಲ್ಲಿಗೆ ಏನೋ ಗಟ್ಟಿ ಸಿಕ್ಕಿತು. ನಾಲಿಗೆಯಲ್ಲಿ ಹೊರಳಿಸಿದೆ. ಕೈ ಇದೆ, ಕಾಲಿದೆ. ಪ್ಲಾಸ್ಟಿಕ್ ಗೊಂಬೆ.

ಸಾಂಬಾರಿನಲ್ಲಿ ಗಿರಾಕಿಗೆ ಒಂದು ಕೂದಲು ಸಿಕ್ಕರೆ ಅಡುಗೆಯವನ ಗತಿ ಏನಾಗುತ್ತೆ ಅಂತ ನನಗೆ ಗೊತ್ತು. ಇದು ಇಡೀ ಗೊಂಬೆ. ಯಾವುದೋ ಮಗುವಿನ ಆಟದ ಸಾಮಾನು ಹಿಟ್ಟಿಗೆ ಬಿದ್ದಿದೆ. ಇಷ್ಟು ಜನರ ಮುಂದೆ ಅಜ್ಜಿಯ ಮಾನ ಹೋಗಬಾರದು. ಗೊಂಬೆಯನ್ನು ದವಡೆಗೆ ಒತ್ತಿಕೊಂಡು, "ಬಹಳ ಚೆನ್ನಾಗಿದೆ" ಅನ್ನುವ ಹಾಗೆ ತಲೆಯಾಡಿಸಿದೆ.

ಉಂಗುರ ಮುಗಿಯಿತು. ಎಲ್ಲರೂ ಒಬ್ಬರ ತಟ್ಟೆ ಒಬ್ಬರು ನೋಡಿದರು. ಅಜ್ಜಿಯ ಮುಖ ಬಿಳಿಚಿಕೊಂಡಿತು. ಹಿಟ್ಟಿನ ಮೂಟೆ ಮೇಲೆ ಕುಸಿದು ಕೂತು ಮೆಲ್ಲಗೆ ಏನೋ ಹೇಳಿದಳು. ಅಕ್ಕನ ಕಣ್ಣು ತುಂಬಿತ್ತು.

"ಗೊಂಬೆ ಇಡೋದನ್ನೇ ಮರೆತಿದೀನಿ ಅಂತಿದಾಳೆ. ಬೆಳಗಿನಿಂದ ಹೋದ ಬ್ರೆಡ್ಡಿಗೆಲ್ಲ ಮರೆತಿರಬೇಕು, ವಯಸ್ಸಾಯ್ತು, ಇವತ್ತಿಗೇ ಅಂಗಡಿ ಮುಚ್ಚಿಬಿಡೋಣ ಅಂತಿದಾಳೆ."

ಬೇಕಂತಲೇ ಇಡುತ್ತಾರಾ? ಎಲ್ಲರಿಗೂ ಗೊತ್ತಿರುವುದನ್ನು ಯಾರೂ ನನಗೆ ಹೇಳಿರಲಿಲ್ಲ. ಅಕ್ಕ ಗಿರಾಕಿಗಳಿಗೆ ತಿಳಿಸಲು ಫೋನ್ ಎತ್ತಿಕೊಂಡಳು. ನಾನು ಅವಳ ಮುಂದೆ ಹೋಗಿ ಅಂಗೈಗೆ ಗೊಂಬೆ ಉಗುಳಿದೆ.

ಪಾದ್ರಿಗಳು ಕೇಳಿದರು. "ಗೊಂಬೆ ಸಿಕ್ಕವರು ಫೆಬ್ರವರಿ ಎರಡರ ಹಬ್ಬಕ್ಕೆ ಎಲ್ಲರಿಗೂ ಟಮಾಲೆ ಊಟ ಹಾಕಬೇಕು. ಅದನ್ನು ತಪ್ಪಿಸಿಕೊಳ್ಳೋಕೆ ಬಚ್ಚಿಟ್ಯಾ? ನುಂಗಿದವರನ್ನೂ ನಾನು ನೋಡಿದೀನಿ."

"ಊಟಕ್ಕೆ ಹೆದರೋ ವಂಶ ಅಲ್ಲ ಸ್ವಾಮಿ ನಮ್ಮದು" ಅಂದೆ. "ಬ್ರೆಡ್ಡಿನಲ್ಲಿ ಗೊಂಬೆ ಬಿದ್ದಿದೆ ಅಂತ ಅಜ್ಜಿಗೆ ಯಾರೂ ಅನ್ನಬಾರದು ಅಂತ ಬಚ್ಚಿಟ್ಟೆ. ನಾನೂ ಅಡುಗೆಯವನೇ."

ಅಕ್ಕ ಅದನ್ನು ಹೇಳಿ ಮುಗಿಸುವ ಮೊದಲೇ ಅಜ್ಜಿ ನಗತೊಡಗಿದಳು. ಮೂಟೆಯಿಂದ ಹಿಟ್ಟು ಹಾರುವಷ್ಟು ನಗು. ನಾನು ಹುರುಪಿನಲ್ಲಿ, "ಫೆಬ್ರವರಿಗೆ ಎಲ್ಲರಿಗೂ ನಮ್ಮೂರ ಕಡುಬು. ನಿಮ್ಮ ಟಮಾಲೆ ಥರಾನೇ ಹಿಟ್ಟನ್ನು ಹಬೆಯಲ್ಲಿ ಬೇಯಿಸೋದು, ರುಚಿ ಮಾತ್ರ ಜಾಸ್ತಿ" ಅಂದೆ. ಇದನ್ನು ಮಾತ್ರ ಅಕ್ಕ ಅನುವಾದ ಮಾಡಲಿಲ್ಲ.

ಅಜ್ಜಿ ಕಣ್ಣೊರೆಸಿಕೊಂಡು ಎದ್ದು ನನ್ನ ಕಿವಿ ಹಿಡಿದು ಒಳಗೆ ಎಳೆದುಕೊಂಡು ಹೋದಳು. ಸಂಜೆಯ ಬ್ರೆಡ್ಡುಗಳ ಹಿಟ್ಟು ಮೇಜಿನ ಮೇಲಿತ್ತು. ಕೈ ತೊಳೆಸಿದಳು, ಉಗುರು ನೋಡಿದಳು, ಇನ್ನೊಂದು ಸಲ ತೊಳೆಸಿದಳು. ಆಮೇಲೆ ತೆಂಗಿನಕಾಯಿ ಗಾತ್ರದ ಒಂದು ಉಂಡೆ ಹಿಟ್ಟು ಹರಿದು ನನ್ನ ಕೈಗೆ ಕೊಟ್ಟಳು.