ನಲವತ್ಮೂರರ ಜ್ವರ

ಧನರಾಜ ಮಾಸ್ತರರಿಗೆ ಜ್ವರ ಬಂದದ್ದು ಚುನಾವಣೆ ಕೆಲಸದ ಆದೇಶ ಕೈಗೆ ಬಂದ ಮೇಲೆ. ೨೦೦೪ರ ಏಪ್ರಿಲ್ ತಿಂಗಳು. ಮುಡಬಿಯ ಮತಗಟ್ಟೆಗೆ ಹೋಗಬೇಕು, ಬರಿ ನೆಲದ ಮೇಲೆ ಮಲಗಬೇಕು, ರಾತ್ರಿಯೆಲ್ಲ ಸೊಳ್ಳೆಗಳಿಗೆ ಊಟ ಹಾಕಿ ಬೆಳಗಾದರೆ ಊರ ಬೆರಳುಗಳಿಗೆಲ್ಲ ಶಾಯಿ ಹಚ್ಚಬೇಕು. ಹನ್ನೊಂದು ವರ್ಷ ಹುಮನಾಬಾದಿನಲ್ಲಿ ವಿಜ್ಞಾನ ಕಲಿಸಿದವನಿಗೆ ಇದೆಂಥ ಗತಿ ಎಂದು ಅವರಿಗೆ ಸಿಟ್ಟು. ಕಲಿಸಿದ್ದು ಎಂದರೆ ನೋಟ್ಸ್ ಬರೆಸಿದ್ದು, ಅದೂ ಕೂತುಕೊಂಡು.

ಹೆಗಲ ಮೇಲೆ ದಪ್ಪ ಟವೆಲ್ ಹೊದ್ದು ಹೆಡ್‌ಮಾಸ್ತರ್ ಬಸವಣಪ್ಪನವರ ಮುಂದೆ ನಿಂತರು. "ಸರ್, ಮೈ ಕೆಂಡ ಆಗ್ಯಾದ್ರಿ. ಹ್ಯಾಂಗರೆ ಮಾಡಿ ನನ್ನ ಹೆಸರು ಬಿಡಸ್ರಿ."

ಬಸವಣಪ್ಪನವರು ಯಾರನ್ನೂ ಸುಲಭಕ್ಕೆ ನಂಬುವವರಲ್ಲ. "ನೀವು ವಿಜ್ಞಾನದವ್ರು. ಬರೇ ಬಾಯಿಲೆ ಹೇಳಿದ್ರ ಹ್ಯಾಂಗ್ರಿ? ಅಳದು ತೋರಸ್ರಿ. ಲ್ಯಾಬಿನಾಗ ಥರ್ಮಾಮೀಟರ್ ಅದ ಅಲ್ಲ?"

ಧನರಾಜರು ಟವೆಲನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡರು. "ಕೀಲಿ ಎಲ್ಲಿ ಅದನೋ ಏನೋ..."

"ಕೀಲಿ ಯಾಕ್ರಿ ಸರ್," ಎಂದು ಜವಾನ ಮೊಹಿನುದ್ದೀನ್ ಉತ್ಸಾಹದಿಂದ ಕಲ್ಲು ತಂದು ಒಂದೇ ಏಟಿಗೆ ಬೀಗ ಮುರಿದ.

ಲ್ಯಾಬು ಎಂದರೆ ಶಿಕ್ಷಕರ ಕೋಣೆಯ ಮೂಲೆಯಲ್ಲಿದ್ದ ಒಂದು ಅಲ್ಮಾರಿ. ಏನಾದರೂ ಒಡೆದರೆ ತಮ್ಮ ತಲೆಗೆ ಬಂದೀತೆಂದು ಧನರಾಜರು ಕೆಲಸಕ್ಕೆ ಸೇರಿದ ವಾರವೇ ಅದಕ್ಕೆ ಬೀಗ ಹಾಕಿದ್ದರು. ಬೀಕರುಗಳು ಹಣ್ಣಾಗಲೆಂದು ಅಡಿ ಹಾಕಿದ ಮಾವಿನಕಾಯಿಯಂತೆ ಇನ್ನೂ ಹುಲ್ಲಿನಲ್ಲೇ ಮಲಗಿದ್ದವು. ಆಸಿಡ್ ಬಾಟಲಿಗಳ ಚೀಟಿಗಳನ್ನು ಹುಳ ತಿಂದಿತ್ತು. ಯಾವುದರಲ್ಲಿ ಏನಿದೆ ಎಂಬುದು ಈಗ ಆ ಹುಳಕ್ಕೆ ಮಾತ್ರ ಗೊತ್ತಿತ್ತು. ಅವುಗಳ ನಡುವಿನಿಂದ ಗೇಣುದ್ದದ ಥರ್ಮಾಮೀಟರ್ ಹೊರಗೆ ಬಂತು.

ಧನರಾಜರು ಅದನ್ನು ಕಂಕುಳಲ್ಲಿಟ್ಟು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಾದ ಮೇಲೆ ಬಸವಣಪ್ಪನವರು ಅದನ್ನು ಎಳೆದುಕೊಂಡು, ಮೇಜಿನ ಮೇಲೆಲ್ಲ ಚಾಳೀಸು ಹುಡುಕಿ ಕಣ್ಣಿಗೇರಿಸಿ, ಕರೆಂಟ್ ಇಲ್ಲದ್ದರಿಂದ ಬೆಳಕಿಗೆಂದು ಕಿಟಕಿಗೆ ಹೋದರು. ತಗಡಿನ ಮಾಡು, ಹೊರಗೆ ಉರಿಬಿಸಿಲು. ಕಿಟಕಿಯಿಂದ ಒಲೆಯ ಬಾಯಿಂದ ಬಂದಂತೆ ಝಳ ಬರುತ್ತಿತ್ತು.

"ನಲವತ್ಮೂರು," ಎಂದರು. "ಮನುಷ್ಯಂದು ಎಷ್ಟಿರಬೇಕ್ರಿ?"

"ಮೂವತ್ತೇಳು," ಎಂದು ನೋಟ್ಸಿನಲ್ಲಿದ್ದಂತೆ ಒಪ್ಪಿಸಿದ ಧನರಾಜರಿಗೆ ಆಮೇಲೆ ಅರ್ಥವಾಯಿತು. ಸುಳ್ಳು ಹೇಳಲು ಬಂದಿದ್ದರು ನಿಜ. ಆದರೆ ಸ್ವಂತ ಮೈ ಏನು ಹೇಳಿದರೂ ಅಚ್ಚು ಹಾಕಿದ ಅಂಕಿ ಸುಳ್ಳಾದೀತೇ? ಹಲ್ಲು ಕಟಕಟ ಎನ್ನತೊಡಗಿ, ಖರೇನೇ ಬೆಂಚಿನ ಮೇಲೆ ಉರುಳಿದರು.

ಮೊಹಿನುದ್ದೀನ್ ಗೋಣಿಚೀಲ ತೋಯಿಸಿ ಅವರ ಮೈಮೇಲೆ ಹಾಕಿದ. ಹಿಂದಿ ಕಲಿಸುವ ವಿದ್ಯಾವತಿ ಮೇಡಮ್ ಹಣೆಗೆ ಒದ್ದೆ ಬಟ್ಟೆ ಇಟ್ಟರು. ಅವರಿಗೂ ಚುನಾವಣೆ ಕೆಲಸಕ್ಕೆ ಕೊಡಂಬಲದ ಬೂತು ಬಿದ್ದಿತ್ತು. ಸ್ವಲ್ಪ ಯೋಚಿಸಿ, "ನಾನೂ ಇವರನ್ನ ಮುಟ್ಟೀನಿ. ನಂದೂ ಜರಾ ನೋಡ್ರಿ," ಎಂದು ಥರ್ಮಾಮೀಟರ್ ಬಾಯಲ್ಲಿಟ್ಟುಕೊಂಡರು. ಕಿಟಕಿಯ ಬಳಿ ನೋಡಿದರೆ ನಲವತ್ಮೂರು. ಮೊಹಿನುದ್ದೀನನಿಗೂ ನಲವತ್ಮೂರು. ಬಸವಣಪ್ಪನವರು ತಮ್ಮ ಕಂಕುಳಲ್ಲೂ ಇಟ್ಟುಕೊಂಡರು. ಹೆಡ್‌ಮಾಸ್ತರ್ ಎಂದು ಅದು ಒಂದು ಗೆರೆಯೂ ಕಡಿಮೆ ತೋರಿಸಲಿಲ್ಲ.

"ಸಾಂಕ್ರಾಮಿಕ," ಎಂದು ಅವರು ಬೆವರು ಒರೆಸಿಕೊಂಡರು. ತಾಲೂಕು ಕಚೇರಿಗೆ ಸುದ್ದಿ ಮುಟ್ಟಿಸಲು ನಲವತ್ಮೂರು ಜ್ವರದ ಮೊಹಿನುದ್ದೀನನೇ ರಣಬಿಸಿಲಿನಲ್ಲಿ ಸೈಕಲ್ ತುಳಿದುಕೊಂಡು ಹೋದ. ಇದು ಹೇಗೆ ಸಾಧ್ಯ ಎಂದು ಕೇಳುವಷ್ಟು ಬುದ್ಧಿ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ. ಇದ್ದವರೆಲ್ಲ ಪದವೀಧರರು.

ಮಧ್ಯಾಹ್ನ ಚುನಾವಣಾ ಅಧಿಕಾರಿಯ ಜೀಪು ಬಂತು. ಜೊತೆಗೆ ಡಾಕ್ಟರ್ ಭುವನೇಶ್ವರಿ. ಅವರು ತಮ್ಮ ಚಿಕ್ಕ ಥರ್ಮಾಮೀಟರಿನಿಂದ ಒಬ್ಬೊಬ್ಬರನ್ನೇ ನೋಡಿದರು; ಯಾರಿಗೂ ಏನೂ ಇಲ್ಲ. ಆಮೇಲೆ ಶಾಲೆಯದ್ದನ್ನು ಕುಡಿಯುವ ನೀರಿನ ಮಡಕೆಯಲ್ಲಿ ಅದ್ದಿದರು: ಇಪ್ಪತ್ತೈದು. ಜೀಪಿನ ಬಾನೆಟ್ಟಿನ ಮೇಲಿಟ್ಟರು: ಅರವತ್ತು.

"ನಿಮ್ಮ ಲೆಕ್ಕದಾಗ ಜೀಪು ಸತ್ತು ಭಾಳ ಹೊತ್ತಾತು," ಎಂದರು. "ಇದು ನೀರು ಕಾಸಿ ಅಳೆಯೋದ್ರಿ. ಮೈಯಿಂದ ತಗದ್ರ ಹೊರಗಿನ ಬಿಸಿ ತೋರಸ್ತದ. ಜ್ವರ ಬಂದದ್ದು ನಿಮಗಲ್ಲ, ಕಿಟಕಿಗೆ. ಇದನ್ನ ಯಾರರೆ ಬಾಯಾಗ ಇಟ್ಕೊಂಡೀರೇನು? ಯಾವ ವಿಷದಾಗ ಅದ್ದಿದ್ರೋ ಏನೋ."

"ಹೆದರಬ್ಯಾಡ್ರಿ ಮೇಡಮ್," ಎಂದರು ಬಸವಣಪ್ಪನವರು ಹೆಮ್ಮೆಯಿಂದ. "ನಮ್ಮಲ್ಲಿ ಯಾವುದನ್ನೂ ಯಾವುದರಾಗೂ ಅದ್ದಿಲ್ಲ."

ಅಧಿಕಾರಿ ಕೋಣೆಯ ಸುತ್ತ ಕಣ್ಣು ಹಾಯಿಸಿದರು. "ಇಲ್ಲಿ ವಿಜ್ಞಾನದ ಮಾಸ್ತರ್ ಯಾರು?"

ಎಲ್ಲ ಬೆರಳುಗಳೂ ಒದ್ದೆ ಗೋಣಿಚೀಲದ ಕಡೆ ತಿರುಗಿದವು. ಧನರಾಜರು ಎದ್ದು ನಿಂತರು. ಗೊತ್ತಿರಲಿಲ್ಲ ಎಂದರೆ ಮಾನ ಹೋಗುತ್ತದೆ, ಗೊತ್ತಿತ್ತು ಎಂದರೆ ನೌಕರಿ. ಇಷ್ಟು ವರ್ಷದಲ್ಲಿ ಮೊದಲ ಸಲ ಅವರ ತಲೆ ಚುರುಕಾಗಿ ಓಡಿತು.

"ಗೊತ್ತಿತ್ರಿ ಸಾಹೇಬ್ರೇ. ನಮ್ಮವ್ರಿಗೆ ಯಂತ್ರದ ತಿಳುವಳಿಕಿ ಎಷ್ಟದ ಅಂತ ಪರೀಕ್ಷಾ ಮಾಡಾಕತ್ತಿದ್ದೆ. ಎಲ್ಲಾರೂ ಫೇಲ್ ಆದ್ರು. ನನಗ ಮಾತ್ರ ಯಾವ ಯಂತ್ರ ಕೊಟ್ರೂ ಬರೋಬರ್ ನಡಸ್ತೀನ್ರಿ."

ವಿದ್ಯಾವತಿ ಮೇಡಮ್ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಿಂಡಿದರು. ಆದರೆ ಅಧಿಕಾರಿಯ ಮುಖ ಅರಳಿತು.

"ಇಂಥವ್ರನ್ನೇ ಹುಡುಕಾಕತ್ತಿದ್ದೆ ನೋಡ್ರಿ. ಮುಡಬಿ ಬೂತಿಗೆ ಬ್ಯಾರೆಯವ್ರನ್ನ ಹಾಕ್ತೀನಿ."

ಧನರಾಜರಿಗೆ ಕುಣಿಯುವಷ್ಟು ಸಂತೋಷವಾಯಿತು. "ಭಾಳ ಉಪಕಾರ ಆತ್ರಿ."

"ಈ ಸಲ ಓಟು ಹಾಕಾಕ ಮಷಿನ್ ಬಂದಾವ. ಮುಟ್ಟಾಕ ಎಲ್ಲಾರೂ ಅಂಜತಾರ. ಮುಡಬಿಯಿಂದ ಕೊಡಂಬಲತನಕ ಎಲ್ಲಾ ಬೂತಿನ ಮಷಿನ್ ನಿಮಗ ಒಪ್ಪಿಸೀನಿ. ಎಲ್ಲಿ ಕೆಟ್ರೂ ನೀವೇ ಓಡಬೇಕು. ನಡೀರಿ, ಜೀಪು ಹತ್ತರಿ."

ತಪ್ಪಿಸಿಕೊಳ್ಳಲು ಧನರಾಜರು ನೆವ ಹುಡುಕಿದರು. ಜ್ವರ ಎಂಬ ಮಾತೊಂದು ಬಿಟ್ಟು ಬೇರೇನೂ ನೆನಪಾಗಲಿಲ್ಲ, ಅದನ್ನು ಹೇಳುವಂತಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತಾಗ ವಿದ್ಯಾವತಿ ಮೇಡಮ್ ಹತ್ತಿರ ಬಂದು, ಅವರು ಮರೆತ ಟವೆಲನ್ನು ಮಡಚಿ ಕೈಗೆ ಕೊಟ್ಟರು.

"ಸರ್, ಓಟಿನ ದಿನ ನಸುಕಿನ್ಯಾಗೇ ತಯಾರಾಗಿ ಕೂಡ್ರಿ," ಎಂದು ಸಣ್ಣ ದನಿಯಲ್ಲಿ ಹೇಳಿದರು. "ಕೊಡಂಬಲದಾಗ ನಮ್ಮ ಮಷಿನ್ ದಿನಾಪೂರ್ತಿ ಕೆಡತದ."